ಪಾಂಡಾ ಹೋಯ್ತು ಅಂತ ಅಳುವವರೇ, ಚಿಗರಿ ಸತ್ತಾಗ ಎಲ್ಲಿದ್ರಿ?

ಬ್ಲಾಗ್ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯ್ತು. ಕಾರಣ ಎಂದಿನದೇ: ಕೆಲಸ, ಸೋಮಾರಿತನ, ಮತ್ತೆ ಕೆಲಸ. ಅರ್ಧ ಬರೆದಿಟ್ಟ ಗೋಕಾಕ ಫಾಲ್ಸಿನ ಪ್ರವಾಸ ಕಥನ ಡ್ರಾಫ್ಟಿನಲ್ಲೇ ಕೊಳೀತಾ ಇದೆ. ಅದನ್ನ ಮುಗಿಸೋಣ ಅಂತ ಕೂತೆ, ಅಷ್ಟರಲ್ಲಿ ಸಿಟ್ಟು ಬಂತು. ಹಾಗಾಗಿ ಪ್ರವಾಸ ಕಥನ ಮುಂದಿನ ಸಲ. ಇವತ್ತು ಜಗಳ :-)

ವಿಷಯ ಇಷ್ಟೇ. 2026ರ ಜನವರಿ ಕೊನೆಯ ವಾರ ಟೋಕಿಯೋದ ಉಯೆನೋ ಮೃಗಾಲಯದಿಂದ ಷಿಯಾವೋ ಷಿಯಾವೋ, ಲೇ ಲೇ ಅನ್ನೋ ಅವಳಿ ಪಾಂಡಾಗಳನ್ನ ಚೀನಾಕ್ಕೆ ವಾಪಸ್ ಕಳಿಸಿದ್ರು. 1972ರ ನಂತರ ಮೊದಲ ಸಲ ಜಪಾನಿನಲ್ಲಿ ಒಂದೂ ಪಾಂಡಾ ಇಲ್ಲದ ಹಾಗಾಯ್ತು. ಕೊನೆಯ ದರ್ಶನಕ್ಕೆ ಲಾಟರಿ ಎತ್ತಿದ್ರು. ಜನ ಗಂಟೆಗಟ್ಟಲೆ ನಿಂತು ಅತ್ತರು. ಟೋಕಿಯೋದವರು ಅತ್ತರೆ ಅಳಲಿ, ಅವರು ದಿನಾ ನೋಡ್ತಿದ್ದ ಪ್ರಾಣಿ. ಆದ್ರೆ ಬೆಂಗಳೂರಿನ ನಮ್ಮ ಆಫೀಸಿನ ಟೀಮಿನ ವಾಟ್ಸಾಪ್ ಗ್ರೂಪಿನಲ್ಲೂ ಅತ್ತರು! ಒಂದಾದ ಮೇಲೊಂದು ವಿಡಿಯೋ, ಒಡೆದ ಹೃದಯದ ಚಿಹ್ನೆ, 'ನನಗೆ ಇವತ್ತು ಕೆಲಸ ಮಾಡೋಕೇ ಆಗ್ತಿಲ್ಲ' ಅಂತ ಒಬ್ಬ. (ಬೇರೆ ದಿನ ಎಷ್ಟು ಮಾಡ್ತಾನೆ ಅನ್ನೋದು ಬೇರೆ ಮಾತು.)

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. 'ನವೆಂಬರಿನಲ್ಲಿ ನಮ್ಮ ಬೆಳಗಾವಿ ಮೃಗಾಲಯದಲ್ಲಿ 31 ಕೃಷ್ಣಮೃಗ ಸತ್ತಾಗ ಈ ಗ್ರೂಪಿನಲ್ಲಿ ಒಬ್ಬರೂ ಒಂದಕ್ಷರ ಬರೀಲಿಲ್ವಲ್ಲ' ಅಂತ ಹಾಕಿದೆ. ಐದು ನಿಮಿಷ ಮೌನ. ಆಮೇಲೆ ಒಂದು ಉತ್ತರ ಬಂತು: 'ಯಾವ ಕೃಷ್ಣಮೃಗ ಬ್ರೋ? ಸಲ್ಮಾನ್ ಖಾನ್ ಕೇಸಾ?'

ಅಲ್ಲಿಗೆ ಮುಗೀತು. ಅದಕ್ಕೇ ಇಲ್ಲಿ ಬರೀತಿದೀನಿ.

*

ನಮ್ಮೂರು ಸಾಂಬ್ರಾ. ಸಾಂಬ್ರಾ ಅಂದ ಕೂಡಲೇ ಎಲ್ಲರೂ 'ಓ, ಏರ್‌ಪೋರ್ಟಾ?' ಅಂತಾರೆ. ಹೌದ್ರೀ, ಬೆಳಗಾವಿ ವಿಮಾನ ಇಳಿಯೋದು ನಮ್ಮಲ್ಲೇ, ವಾಯುಪಡೆಯ ತರಬೇತಿ ಶಾಲೆ ಇರೋದೂ ನಮ್ಮಲ್ಲೇ. ಆದ್ರೆ ಅಲ್ಲಿ ಒಂದು ಊರೂ ಇದೆ, ಎಮ್ಮೆಗಳೂ ಇವೆ, ಅದರಲ್ಲಿ ಎರಡು ನಮ್ಮವು. ಈ ಎಮ್ಮೆ ಮಾತು ಮುಂದೆ ಬರುತ್ತೆ, ನೆನಪಿಟ್ಟಿರಿ.

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಕ್ಕನೂ ಬಂದಿದ್ಲು, ಅವಳ ಮಗಳು ಆರು ವರ್ಷದವಳು. ಈ ಹುಡುಗಿಯ ಸ್ಕೂಲ್ ಬ್ಯಾಗು ಪಾಂಡಾ, ನೀರಿನ ಬಾಟ್ಲಿ ಪಾಂಡಾ, ಹೇರ್‌ಬ್ಯಾಂಡ್ ಪಾಂಡಾ, ಖಡೇ ಬಜಾರಿನಲ್ಲಿ ನಾನೇ ಕೊಡಿಸಿದ ಬೊಂಬೆಯೂ ಪಾಂಡಾ. ಝೂ ನೋಡ್ಬೇಕು ಅಂತ ಹಟ. ಸರಿ ಅಂತ ಅಪ್ಪನ ಗಾಡಿ ತಗೊಂಡು ಕಾಕತಿ ದಾಟಿ ಭೂತರಾಮನಹಟ್ಟಿಗೆ ಹೋದ್ವಿ. ಚೆನ್ನಮ್ಮ ವಿಶ್ವವಿದ್ಯಾಲಯ ಇರೋ ಊರೇ ಅದು, ಅಲ್ಲೇ ಚೆನ್ನಮ್ಮನ ಹೆಸರಿನ ಮೃಗಾಲಯ.

ಒಳಗೆ ಕಾಲಿಟ್ಟ ಕೂಡಲೇ ಶುರು. 'ಮಾಮಾ, ಪಾಂಡಾ ಎಲ್ಲೈತಿ?'

'ಇಲ್ಲಿಲ್ಲವಾ, ಅದು ಚೀನಾದಾಗ ಇರತೈತಿ.'

'ಮತ್ತ ಇಲ್ಲಿಗ್ಯಾಕ್ ಕರಕೊಂಡ ಬಂದಿ?'

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹುಲಿ ಐತಿ, ಸಿಂಹ ಐತಿ ಅಂತ ಪುಸಲಾಯಿಸಿಕೊಂಡು ನಡೆಸಿದೆ. ದಾರಿಯಲ್ಲಿ ಕೃಷ್ಣಮೃಗಗಳ ಬೇಲಿ ಬಂತು. ಹುಡುಗಿ ನಿಂತಳು. ಒಂದು ಗಂಡು, ಕಪ್ಪು ಬೆನ್ನು, ಸುರುಳಿ ಕೋಡು, ನಮ್ಮ ಕಡೆಗೇ ನೋಡ್ತಾ ನಿಂತಿತ್ತು. ಕಣ್ಣ ಸುತ್ತ ಬಿಳಿ. ಪಾಂಡಾಕ್ಕೆ ಕಣ್ಣ ಸುತ್ತ ಕಪ್ಪು, ಇದಕ್ಕೆ ಉಲ್ಟಾ. 'ಮಾಮಾ, ಚಿಗರಿ ನೋಡೂಣ' ಅಂದ್ಲು. ನಾನೇನಂದೆ ಗೊತ್ತಾ? 'ಅದು ಬರೀ ಚಿಗರಿ ಐತಿ, ಬಾ, ಸಿಂಹ ಮಲಗಿಬಿಡತೈತಿ.' ಕೈ ಹಿಡಿದು ಎಳಕೊಂಡು ಹೋದೆ. ಸಿಂಹ ಆಗಲೇ ಮಲಗಿತ್ತು. ಅದರ ಬೆನ್ನಿನ ನಾಲ್ಕು ಫೋಟೋ ಹೊಡ್ಕೊಂಡು ಬಂದ್ವಿ.

ಮೂರು ವಾರ ಕಳೀತು. ನವೆಂಬರ್ 13ರಂದು ಅಲ್ಲಿ 8 ಕೃಷ್ಣಮೃಗ ಸತ್ತವು. 15ರಂದು 20. ಆಮೇಲೆ ಮತ್ತೆ ಒಂದೊಂದು. ಒಟ್ಟು ಇದ್ದದ್ದು 38, ಒಂದು ವಾರದೊಳಗೆ 31 ಹೋದವು. ಅರಣ್ಯ ಸಚಿವರು ವರದಿ ಕೇಳಿದ್ರು, ಬನ್ನೇರುಘಟ್ಟದಿಂದ ತಜ್ಞರು ಓಡಿಬಂದ್ರು, ಟಿವಿಯವರು ಗೇಟಿನ ಮುಂದೆ ನಿಂತು ಕೂಗಿದ್ರು. ಕಾರಣ ಹೆಮರೇಜಿಕ್ ಸೆಪ್ಟಿಸೀಮಿಯಾ ಅಂದ್ರು. ಹೆಸರು ಕೇಳಿ ಏನೋ ವಿದೇಶಿ ರೋಗ ಅಂದ್ಕೊಂಡೆ. ಅಪ್ಪನಿಗೆ ಫೋನ್ ಮಾಡಿದ್ರೆ ಅಪ್ಪ ನಕ್ಕ: 'ಗಳಲಿ ಬ್ಯಾನಿ ಅಲ್ಲೇನೋ ಅದು! ವರ್ಷಾ ಮಳಿಗಾಲಕ್ಕ ಮುಂಚೆ ಎಮ್ಮಿಗೆ ಸೂಜಿ ಮಾಡಸ್ತೀವಲ್ಲೋ, ಅದs.'

ನಮ್ಮ ಹಿತ್ತಲಿನ ಎಮ್ಮೆಗೆ ಬರೋ ಕಾಯಿಲೆ. ಸಾಂಬ್ರಾದ ಯಾವ ರೈತನಿಗೂ ಹೆಸರು ಗೊತ್ತಿರೋ ಕಾಯಿಲೆ.

ನಿಲ್ಲಿ, ಇಲ್ಲೊಂದು ಮಾತು. ಬೇಲಿಯೇ ಅವುಗಳನ್ನ ಕೊಂದಿತು ಅಂತ ನಾನು ಹೇಳ್ತಾ ಇಲ್ಲ. ಇದೇ ಜಾತಿಯ ಬ್ಯಾಕ್ಟೀರಿಯಾ 2015ರಲ್ಲಿ ಕಝಾಕಿಸ್ತಾನದ ಬಯಲಿನಲ್ಲಿ, ಯಾವ ಬೇಲಿಯೂ ಇಲ್ಲದ ಕಡೆ, ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಜಿಂಕೆಗಳನ್ನ ಕೆಲವೇ ವಾರಗಳಲ್ಲಿ ಮಲಗಿಸಿತು. ಯಾರದು ತಪ್ಪು ಅನ್ನೋದನ್ನ ತನಿಖೆ ಮಾಡೋವರು ಮಾಡ್ಲಿ, ನಾನು ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ. ನಾನು ಕೇಳ್ತಿರೋದು ನನ್ನ ತಪ್ಪು, ನಿಮ್ಮ ತಪ್ಪು. 38 ಇದ್ದಾಗ ಅವುಗಳ ಮುಂದೆ ಎಷ್ಟು ಹೊತ್ತು ನಿಂತಿದ್ವಿ? ನಾನು ಅರ್ಧ ನಿಮಿಷ. ಅದೂ ಮಗು ನಿಂತಿದ್ದಕ್ಕೆ.

ಇನ್ನೂ ಒಂದು. ಹುಬ್ಬಳ್ಳಿ-ಧಾರವಾಡದ ನಡುವೆ ಓಡೋ ಎಸಿ ಬಸ್ಸಿಗೆ ಏನು ಹೆಸರು? 'ಚಿಗರಿ'. ಎಷ್ಟು ಅಭಿಮಾನ ನಮಗೆ! ಬಸ್ಸು ಐದು ನಿಮಿಷ ತಡವಾದ್ರೆ ಫೇಸ್‌ಬುಕ್ಕಿನಲ್ಲಿ ಗಲಾಟೆ ಮಾಡ್ತೀವಿ.

*

ಈಗ ಪಾಂಡಾಕ್ಕೆ ಬರೋಣ. ಪಾಂಡಾ ಮೇಲೆ ನನಗೇನೂ ದ್ವೇಷ ಇಲ್ಲ ಮಾರಾಯ್ರೆ, ಪಾಪದ ಪ್ರಾಣಿ. ಕರಡಿ ಜಾತಿ, ಹೊಟ್ಟೆ ಮಾಂಸಾಹಾರಿಯದು, ತಿನ್ನೋದು ಮಾತ್ರ ಬಿದಿರು. ತಿಂದದ್ದರಲ್ಲಿ ಐದನೇ ಒಂದು ಪಾಲೂ ಮೈಗೆ ಹತ್ತಲ್ಲ, ಹಾಗಾಗಿ ದಿನದಲ್ಲಿ ಹತ್ತು-ಹದಿನಾಲ್ಕು ಗಂಟೆ ತಿಂತಾನೇ ಇರಬೇಕು. ಹೆಣ್ಣು ವರ್ಷಕ್ಕೊಮ್ಮೆ ಬೆದೆಗೆ ಬರುತ್ತೆ, ಅದೂ ಎರಡು-ಮೂರು ದಿನ. ಹುಟ್ಟೋ ಮರಿ ನೂರು ಗ್ರಾಂ, ನಮ್ಮ ಮೊಬೈಲಿಗಿಂತ ಹಗುರ. ಕಾಡಿನಲ್ಲಿ ಒಂಟಿಯಾಗಿ, ಯಾರ ಕಣ್ಣಿಗೂ ಬೀಳದೆ ಬದುಕೋ ಪ್ರಾಣಿ. ಅದನ್ನ ತಂದು ಗಾಜಿನ ಆ ಕಡೆ ಕೂರಿಸಿ ಈ ಕಡೆ ಸಾವಿರಾರು ಜನ ನಿಲ್ತೀವಿ.

ಯಾಕೆ ನಿಲ್ತೀವಿ? ಕಾನ್ರಾಡ್ ಲೊರೆನ್ಜ್ ಅನ್ನೋ ವಿಜ್ಞಾನಿ 1943ರಲ್ಲೇ ಇದನ್ನ ಬರೆದಿಟ್ಟಿದ್ದ. ದೊಡ್ಡ ತಲೆ, ದುಂಡು ಮುಖ, ದೊಡ್ಡ ಕಣ್ಣು, ತಡವರಿಸೋ ನಡಿಗೆ ಕಂಡ್ರೆ ನಮ್ಮ ಮೆದುಳು 'ಕೂಸು' ಅಂತ ಓದಿಕೊಳ್ಳುತ್ತೆ. ಪಾಂಡಾದ ಕಣ್ಣು ನಿಜಕ್ಕೂ ಚಿಕ್ಕದು. ಸುತ್ತಲಿನ ಕಪ್ಪು ಮಚ್ಚೆಯಿಂದ ದೊಡ್ಡದಾಗಿ ಕಾಣುತ್ತೆ. ಅಂದ್ರೆ ನಾವು ಪ್ರೀತಿಸ್ತಿರೋದು ಪಾಂಡಾನ ಅಲ್ಲ, ಅದರ ಮುಖದ ಮೇಲಿನ ಬಣ್ಣವನ್ನ.

ಜೋಕ್ ಅನ್ಕೋಬೇಡಿ. 2024ರ ಮೇ ತಿಂಗಳಲ್ಲಿ ಚೀನಾದ ತೈಝೌ ಮೃಗಾಲಯದವರು ಚೌ ಚೌ ಜಾತಿಯ ಎರಡು ನಾಯಿಗಳಿಗೆ ಕಪ್ಪು-ಬಿಳಿ ಬಣ್ಣ ಬಳಿದು ಪಾಂಡಾ ಅಂತ ಕೂರಿಸಿದ್ರು. ಜನ ಬಂದ್ರು, ನೋಡಿದ್ರು, ಫೋಟೋ ಹೊಡ್ಕೊಂಡ್ರು. ಜಗತ್ತೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಯಾಕಂದ್ರೆ ಆ ಮೃಗಾಲಯದವರು ನಮ್ಮನ್ನ ಸರಿಯಾಗೇ ಅರ್ಥ ಮಾಡ್ಕೊಂಡಿದ್ರು ಅನ್ನಿಸ್ತು. ಬೇಕಾದದ್ದು ಬಣ್ಣ, ಒಳಗೆ ಯಾರಿದ್ರೇನು.

ಇನ್ನು ದುಡ್ಡಿನ ಲೆಕ್ಕ. 1980ರ ದಶಕದ ನಂತರ ಚೀನಾ ಹೊರದೇಶಗಳಿಗೆ ಪಾಂಡಾ ಉಡುಗೊರೆ ಕೊಡೋದನ್ನ ಬಿಟ್ಟು ಬಾಡಿಗೆಗೆ ಕೊಡೋಕೆ ಶುರು ಮಾಡಿತು. ಜೋಡಿಗೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್, ಸಾಮಾನ್ಯವಾಗಿ ಹತ್ತು ವರ್ಷದ ಕರಾರು, ಹುಟ್ಟೋ ಮರಿಯೂ ಚೀನಾದ್ದೇ. ನಮ್ಮ ಬೆಂಗಳೂರಿನ ಮನೆ ಓನರುಗಳು ಇದನ್ನ ಓದದೇ ಇರಲಿ :-) ಫಿನ್ಲೆಂಡಿನ ಅಹ್ತಾರಿ ಮೃಗಾಲಯ 2018ರಲ್ಲಿ ಹದಿನೈದು ವರ್ಷದ ಕರಾರಿಗೆ ಜೋಡಿ ತರಿಸಿ, ಖರ್ಚು ತೂಗಿಸಲಾಗದೆ 2024ರ ನವೆಂಬರಿನಲ್ಲೇ ವಾಪಸ್ ಕಳಿಸಿತು. ಎಡಿನ್‌ಬರೋದಲ್ಲಿ ಹನ್ನೆರಡು ವರ್ಷ ಇಟ್ಟುಕೊಂಡು, ಹೆಣ್ಣಿಗೆ ಹಲವು ಸಲ ಕೃತಕ ಗರ್ಭಧಾರಣೆ ಮಾಡಿಸಿ, ಒಂದೂ ಮರಿ ಆಗದೆ 2023ರಲ್ಲಿ ಕಳಿಸಿಕೊಟ್ರು. ಕೊರಿಯಾದಲ್ಲಿ ಹುಟ್ಟಿದ ಫು ಬಾವೋ 2024ರ ಏಪ್ರಿಲಿನಲ್ಲಿ ಚೀನಾಕ್ಕೆ ಹೊರಟಾಗ ಸಾವಿರಾರು ಜನ ಮಳೆಯಲ್ಲಿ ನಿಂತು ಅತ್ತರಂತೆ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ.

ಪ್ರೀತಿ ಅಂತ ಕರೀತೀವಲ್ಲ ಇದನ್ನ, ಅದು ನನಗೆ ಒಪ್ಪಿಗೆ ಇಲ್ಲ. ಪ್ರೀತಿಸೋ ಜೀವಕ್ಕೆ ಏನು ಬೇಕು ಅಂತ ಕೇಳದೆ, ನಮಗೆ ಅದು ಕಾಣಬೇಕು ಅನ್ನೋದಷ್ಟನ್ನೇ ಹಿಡಿದು ಕೂರೋದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಚಟ ಅಂತಾರೆ.

*

'ಚೀನಾದವರು ಹಾಗೆ, ನಾವು ಹಾಗಲ್ಲ' ಅನ್ನೋವರಿಗೆ ಒಂದು ಕನ್ನಡದ ಕಥೆ. ಇದು ವರ್ಷಕ್ಕೆ ಎರಡು ಸಲ ನಿಮಗೂ ಫಾರ್ವರ್ಡ್ ಬಂದಿರುತ್ತೆ. ಇದೇ ಉಯೆನೋ ಮೃಗಾಲಯಕ್ಕೆ ಪಾಂಡಾ ಬರೋಕೆ ಇಪ್ಪತ್ತಮೂರು ವರ್ಷ ಮುಂಚೆ, 1949ರಲ್ಲಿ, ಮೈಸೂರು ಸೀಮೆಯ ಆನೆಯೊಂದು ಹೋಗಿತ್ತು. ಜಪಾನಿನ ಮಕ್ಕಳು ಆನೆ ಬೇಕು ಅಂತ ನೆಹರೂಗೆ ಪತ್ರ ಬರೆದಿದ್ರು. ನೆಹರೂ ತಮ್ಮ ಮಗಳ ಹೆಸರನ್ನೇ ಇಟ್ಟು 'ಇಂದಿರಾ' ಅನ್ನೋ ಹೆಣ್ಣಾನೆಯನ್ನ ಕಳಿಸಿದ್ರು. ಅದಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆ ಬರ್ತಿರಲಿಲ್ಲ. ಹಾಗಾಗಿ ಜಪಾನಿನ ಮೇಲ್ವಿಚಾರಕರೇ ಮಾವುತರ ಹತ್ರ ಕನ್ನಡದ ಆಜ್ಞೆಗಳನ್ನ ಕಲಿತ್ರು. ಎಂಥಾ ಕಥೆ! ಓದಿದಾಗೆಲ್ಲ ನನಗೂ ಮೈ ಜುಮ್ ಅಂದಿದೆ, ನಾನೂ ಫಾರ್ವರ್ಡ್ ಮಾಡಿದೀನಿ. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ ಕನ್ನಡ ಕಲೀದವರಿಗೆ ಬೇಕಂತಲೇ ಕಳಿಸಿದೀನಿ.

ಆದ್ರೆ ಆ ಫಾರ್ವರ್ಡಿನಲ್ಲಿ ಒಂದು ಸಾಲು ಇರಲ್ಲ. ಉಯೆನೋದಲ್ಲಿ ಮಕ್ಕಳಿಗೆ ಆನೆ ಯಾಕೆ ಇರಲಿಲ್ಲ? ಯಾಕಂದ್ರೆ 1943ರಲ್ಲಿ, ಬಾಂಬ್ ದಾಳಿಯಾದ್ರೆ ಪ್ರಾಣಿಗಳು ತಪ್ಪಿಸಿಕೊಂಡು ಬೀದಿಗೆ ಬಂದಾವು ಅಂತ, ಅಲ್ಲಿದ್ದ ಮೂರು ಆನೆಗಳನ್ನ ಸರ್ಕಾರದ ಅಪ್ಪಣೆಯಂತೆ ಉಪವಾಸ ಕೆಡವಿ ಸಾಯಿಸಿದ್ರು. ಪ್ರೀತಿಯಿಂದ ನೋಡೋಕೆ ಬರ್ತಿದ್ದ ಅದೇ ಊರಿನ ಆನೆಗಳು. ಆ ಖಾಲಿ ಜಾಗ ತುಂಬೋಕೆ ನಮ್ಮ ಇಂದಿರಾ ಹೋದದ್ದು. 1983ರಲ್ಲಿ ಅಲ್ಲೇ ಸತ್ತಳು. ಮೂವತ್ತನಾಲ್ಕು ವರ್ಷ. ಕಾಡಿನಲ್ಲಿ ಹೆಣ್ಣಾನೆ ಅಂದ್ರೆ ಅಜ್ಜಿ, ಅವ್ವ, ಚಿಕ್ಕವ್ವ, ಮಕ್ಕಳ ನಡುವೆ ಬದುಕೋ ಜೀವ. ನಾವು ಹೆಮ್ಮೆ ಪಡೋದು ಮಾತ್ರ ಜಪಾನಿನವರು ಕನ್ನಡ ಕಲಿತದ್ದಕ್ಕೆ.

ಹಳೇ ಕಥೆ ಅಂತೀರಾ? 2025ರ ಜುಲೈ 24ಕ್ಕೆ ಬನ್ನೇರುಘಟ್ಟದ ನಾಲ್ಕು ಆನೆಗಳು ಸರಕು ವಿಮಾನದಲ್ಲಿ ಜಪಾನಿನ ಹಿಮೇಜಿ ಸಫಾರಿಗೆ ಹೋದವು. ಸುರೇಶ್‌ಗೆ 8 ವರ್ಷ, ಗೌರಿಗೆ 9, ಶ್ರುತಿಗೆ 7, ತುಳಸಿಗೆ 5. ನನ್ನ ಅಕ್ಕನ ಮಗಳಿಗಿಂತ ಒಂದು ವರ್ಷ ಸಣ್ಣದು ಈ ತುಳಸಿ. ಬದಲಿಗೆ ನಮಗೆ ಬರಬೇಕಾದದ್ದು ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ, ಕ್ಯಾಪುಚಿನ್ ಮಂಗ. ಮಾವುತರು, ಡಾಕ್ಟರುಗಳು ಜೊತೆಗೇ ಹೋಗಿ ಅವು ಹೊಂದಿಕೊಳ್ಳೋವರೆಗೂ ಇದ್ದು ಬಂದ್ರು. ಅವರ ಕಾಳಜಿ ಬಗ್ಗೆ ನನಗೆ ಎರಡು ಮಾತಿಲ್ಲ. ಪತ್ರಿಕೆಗಳಲ್ಲಿ 'ಜಪಾನಿಗೆ ಹಾರಿದ ಕರ್ನಾಟಕದ ಆನೆಗಳು' ಅನ್ನೋ ಸಂಭ್ರಮ. ಆ ಪಟ್ಟಿಯನ್ನ ಇನ್ನೊಮ್ಮೆ ಓದಿ. ಸಂತೆಯಲ್ಲಿ ಎತ್ತು ಕೊಟ್ಟು ಕುರಿ ತಂದ ಹಾಗಿಲ್ವಾ? ದಕ್ಷಿಣ ಅಮೆರಿಕದ ಜಾಗ್ವಾರ್ ಬನ್ನೇರುಘಟ್ಟಕ್ಕೆ ಬರಬೇಕು ಅಂತ ಜಾಗ್ವಾರ್ ಕೇಳಿತ್ತಾ? ನಾವು ಕೇಳಿದ್ವಿ. ಗೇಟಿನಲ್ಲಿ ಟಿಕೆಟ್ ತಗೊಳ್ಳುವಾಗ 'ಹೊಸದೇನಿದೆ?' ಅಂತ ನಾವೇ ಕೇಳಿದ್ವಿ.

ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯೋವ್ನು ನಾನು, ಒಂದು ವಿಷಯ ಚೆನ್ನಾಗಿ ಗೊತ್ತು. ಡ್ಯಾಶ್‌ಬೋರ್ಡಿನಲ್ಲಿ ಯಾವ ಅಂಕಿ ತೋರಿಸ್ತೀರೋ ಟೀಮು ಅದನ್ನೇ ಹೆಚ್ಚಿಸುತ್ತೆ, ಉಳಿದದ್ದು ಹಾಳಾಗಿ ಹೋಗ್ಲಿ ಅನ್ನುತ್ತೆ. ಮೃಗಾಲಯಕ್ಕೆ ನಾವು ಕೊಟ್ಟಿರೋ ಅಂಕಿ ಒಂದೇ: ಎಷ್ಟು ಜನ ಬಂದ್ರು. 2021ರಲ್ಲಿ ಬನ್ನೇರುಘಟ್ಟದಿಂದ ಭೂತರಾಮನಹಟ್ಟಿಗೆ ಸಿಂಹಗಳು ಬಂದಾಗ ಊರೆಲ್ಲ ಕುಣಿದಿತ್ತು, ನಮ್ಮ ಗೆಳೆಯರ ಗುಂಪೂ ಸೇರಿ. ಚಿಗರಿ ಬಂತು ಅಂತ ಯಾರಾದ್ರೂ ಕುಣಿದದ್ದು ನೆನಪಿದೆಯಾ?

*

ಈಗ ನೀವು ಹೇಳೋ ಮಾತು ನನಗೆ ಗೊತ್ತು. 'ಅಲ್ಲಪ್ಪಾ, ಈ ಹುಚ್ಚಿನಿಂದಾನೇ ಅಲ್ವಾ ಪಾಂಡಾ ಉಳಿದದ್ದು?' ನ್ಯಾಯವಾದ ಪ್ರಶ್ನೆ. 1980ರ ದಶಕದ ಗಣತಿಯಲ್ಲಿ ಕಾಡಿನಲ್ಲಿದ್ದದ್ದು 1,114. 2014ರಲ್ಲಿ ಮುಗಿದ ಗಣತಿಯಲ್ಲಿ 1,864. 2016ರಲ್ಲಿ ಐಯುಸಿಎನ್ ಅದನ್ನ 'ಅಳಿವಿನಂಚಿನ' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಇದು ಸಣ್ಣ ಸಾಧನೆ ಅಲ್ಲ, ಚೀನಾದವರಿಗೆ ಸಲಾಂ. ಆದ್ರೆ ಇದು ಆದದ್ದು ಹೇಗೆ? 1998ರಲ್ಲಿ ಆ ಕಾಡುಗಳಲ್ಲಿ ಮರ ಕಡಿಯೋದನ್ನ ನಿಲ್ಲಿಸಿದ್ರು. ಹತ್ತಾರು ರಕ್ಷಿತ ಪ್ರದೇಶ ಮಾಡಿದ್ರು. ಬೇಟೆಗೆ ಕಠಿಣ ಶಿಕ್ಷೆ ತಂದ್ರು. ಗಾಜಿನ ಮನೆಯಲ್ಲಿ ಹುಟ್ಟಿ ಕಾಡಿಗೆ ಹೋದ ಪಾಂಡಾಗಳು ಬೆರಳೆಣಿಕೆಯಷ್ಟು. 2006ರಲ್ಲಿ ಬಿಟ್ಟ ಮೊದಲನೆಯದು ಮರುವರ್ಷವೇ ಸತ್ತು ಸಿಕ್ಕಿತು. ಪಾಂಡಾನ ಉಳಿಸಿದ್ದು ಕಾಡು, ಟಿಕೆಟ್ ಅಲ್ಲ. ಬಾಡಿಗೆ ದುಡ್ಡಿನಲ್ಲಿ ಒಂದಷ್ಟು ಕಾಡಿಗೂ ಹೋಗಿದೆ ಅನ್ನೋದನ್ನ ಒಪ್ಕೋತೀನಿ. ಅದಕ್ಕಿಂತ ಹೆಚ್ಚು ಬಿಟ್ಟುಕೊಡಲ್ಲ.

ಇನ್ನೊಂದು ವಾದ ಇದೆ, ಓದಿದವರು ಹೇಳೋದು: ಪಾಂಡಾ ಅಂದ್ರೆ ಕೊಡೆ ಇದ್ದ ಹಾಗೆ, ಅದನ್ನ ಉಳಿಸಿದ್ರೆ ಅದರಡಿ ಎಲ್ಲಾ ಪ್ರಾಣಿಗಳೂ ಉಳೀತಾವೆ ಅಂತ. ನಾನೂ ಹಾಗೇ ನಂಬಿದ್ದೆ. 2020ರಲ್ಲಿ ಚೀನಾದ ವಿಜ್ಞಾನಿಗಳೇ ಈ ಕೊಡೆಯಲ್ಲಿ ಎಷ್ಟು ತೂತಿದೆ ಅಂತ ಲೆಕ್ಕ ಹಾಕಿದ್ರು. 1960ರ ದಶಕಕ್ಕೆ ಹೋಲಿಸಿದ್ರೆ, ಪಾಂಡಾ ಇರೋ ರಕ್ಷಿತ ಪ್ರದೇಶಗಳ ಪೈಕಿ ಶೇಕಡ 81ರಲ್ಲಿ ಚಿರತೆ ಮಾಯ. ತೋಳ ಶೇಕಡ 77ರಲ್ಲಿ ಮಾಯ. ಸೀಳುನಾಯಿ ಶೇಕಡ 95ರಲ್ಲಿ ಮಾಯ! ಪಾಂಡಾಕ್ಕೆ ಬೇಕಾದದ್ದು ಬಿದಿರು ಇರೋ ಒಂದಿಷ್ಟು ಗುಡ್ಡ. ಚಿರತೆ, ಸೀಳುನಾಯಿಗೆ ಬೇಕಾದದ್ದು ದೊಡ್ಡ ಕಾಡು, ಬೇಟೆ. ಮುದ್ದಾಗಿರೋದಕ್ಕೆ ಬೇಕಾದದ್ದನ್ನ ಕೊಟ್ರು, ಉಳಿದವರಿಗೆ ಕೊಡೆ ಸಾಲಲಿಲ್ಲ.

ಆ ಸೀಳುನಾಯಿ ನಮ್ಮ ಖಾನಾಪುರದ ಕಾಡಿನಲ್ಲಿ ಇವತ್ತಿಗೂ ಇದೆ ಸ್ವಾಮಿ. 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯ, ಸುಮಾರು 190 ಚದರ ಕಿಲೋಮೀಟರ್, ಬೆಳಗಾವಿಯಿಂದ ಬೈಕಿನಲ್ಲಿ ಹೋಗಿ ಬರೋ ದೂರ. ಅಲ್ಲೇ ಬಾರಾಪೇಡೆ ಗುಹೆಗಳಿವೆ. ಆ ಗುಹೆಗಳಲ್ಲಿ ಒಂದು ಬಾವಲಿ, ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಅಂತಾರೆ ಇಂಗ್ಲಿಷಿನಲ್ಲಿ. 1913ರಲ್ಲಿ ವಿಜ್ಞಾನಿಗಳು ಅದನ್ನ ಹೊಸ ಜಾತಿ ಅಂತ ವಿವರಿಸಿದ್ರು. ಆಮೇಲೆ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ಭೂಮಿಯ ಮೇಲೆ ಈ ಬಾವಲಿ ಇರೋ ಜಾಗ ಅಂತ ಗೊತ್ತಿದ್ದದ್ದು ಒಂದೇ: ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಆ ಗುಹೆ. ಈಚೆಗೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿದೆ. ಪಾಂಡಾ ಹೇಗೆ ಚೀನಾದ್ದೋ ಹಾಗೆ ಇದು ನಮ್ಮದಾಗಿತ್ತು. ಬೆಳಗಾವಿಯಲ್ಲೇ ಹುಟ್ಟಿ, ಬೆಳಗಾವಿಯಲ್ಲೇ ಇಂಜಿನಿಯರಿಂಗ್ ಮುಗಿಸಿದ ನನಗೆ ಇದು ಗೊತ್ತಾದದ್ದು ಇಪ್ಪತ್ತೈದನೇ ವಯಸ್ಸಿನಲ್ಲಿ! ಪಾಂಡಾ ಬಿದಿರು ತಿನ್ನುತ್ತೆ ಅನ್ನೋದು ಮಾತ್ರ ಎರಡನೇ ಕ್ಲಾಸಿನಲ್ಲೇ ಗೊತ್ತಿತ್ತು.

ಈ ಬಾವಲಿಯ ಕಿವಿ ದೊಡ್ಡದು, ಮುಖ ಸುಕ್ಕು. ಅದರ ಚಿತ್ರ ಇರೋ ಸ್ಕೂಲ್ ಬ್ಯಾಗು ಯಾರೂ ಮಾಡಲ್ಲ. ಹಾಗಂತ ಅದನ್ನ ಹಿಡಿದು ತಂದು ಭೂತರಾಮನಹಟ್ಟಿಯಲ್ಲಿ ಇಡಿ ಅಂತಲೂ ನಾನು ಹೇಳ್ತಿಲ್ಲ, ಗುಹೆ ನೋಡೋಕೆ ಗುಂಪು ಕಟ್ಟಿಕೊಂಡು ಹೋಗಿ ಅಂತಲೂ ಹೇಳ್ತಿಲ್ಲ. ದಯವಿಟ್ಟು ಹೋಗ್ಬೇಡಿ. ಯಾರೂ ನೋಡೋಕೆ ಬರದೇ ಇರೋದೇ ಅದಕ್ಕೆ ಈವರೆಗೆ ಸಿಕ್ಕಿರೋ ದೊಡ್ಡ ಉಪಕಾರ. ಆದ್ರೆ ಆ ಕಾಡಿನ ಬಗ್ಗೆ ಪೇಪರಿನಲ್ಲಿ ಎರಡು ಕಾಲಂ ಸುದ್ದಿ ಬಂದಾಗ, ರಸ್ತೆ ಅಂತಲೋ ಕಾಲುವೆ ಅಂತಲೋ, ಪುಟ ತಿರುಗಿಸದೆ ಓದಿ. ಅಷ್ಟು ಸಾಕು.

*

ನಮ್ಮ ಪ್ರೀತಿ ಎಲ್ಲಿವರೆಗೆ ಅಂತ ಗೊತ್ತಾಗ್ಬೇಕಾದ್ರೆ 2022ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ಆಗ ಒಂದು ಚಿರತೆ ಬೇಲಿ, ಟಿಕೆಟ್ ಏನೂ ಇಲ್ಲದೆ ಬೆಳಗಾವಿಗೆ ಬಂದಿತ್ತು. ಜಾಧವ ನಗರದಲ್ಲಿ ಒಬ್ಬ ಕಾರ್ಮಿಕನಿಗೆ ಪರಚಿ, ಗಾಲ್ಫ್ ಕೋರ್ಸಿನ ಪೊದೆ ಸೇರ್ತು. ಸುತ್ತಲಿನ 22 ಶಾಲೆಗಳಿಗೆ ರಜೆ. ಸಕ್ರೆಬೈಲಿನಿಂದ ಅರ್ಜುನ, ಆಲೆ ಅನ್ನೋ ಆನೆಗಳು ಬಂದವು, ಡ್ರೋನ್, ಬೋನು, ಬಲೆ, ಅರಿವಳಿಕೆ ತಜ್ಞರು, ಎಲ್ಲಾ ಬಂದವು. ಚಿರತೆ ಸಿಗಲಿಲ್ಲ. ವಾರಗಟ್ಟಲೆ ಇಡೀ ಊರು ನಡುಗಿತು, ಜೊತೆಗೆ ಮೀಮ್ ಮಾಡಿ ನಕ್ಕಿತು, ಪೊಲೀಸರು ಬೈದು ಓಡಿಸೋ ತನಕ ರಸ್ತೆ ಬದಿ ನಿಂತು ಇಣುಕಿತು. ನಾನು ವರ್ಕ್ ಫ್ರಂ ಹೋಮ್ ಮಾಡ್ತಾ ಊರಲ್ಲೇ ಇದ್ದೆ, ಇಣುಕಿದವರಲ್ಲಿ ನಾನೂ ಒಬ್ಬ. 'ಗುಂಡು ಹಾಕ್ರಿ ಅದಕ್ಕ' ಅಂತ ಪಕ್ಕದಲ್ಲೊಬ್ಬರು ಕೂಗ್ತಿದ್ರು. ಅದೇ ಚಿರತೆ ಕಂಬಿ ಹಿಂದೆ ಇದ್ದಿದ್ರೆ ಅವರೇ ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡು 'ನೋಡು ನೋಡು' ಅಂತಿದ್ರು.

ಭಯ ತಪ್ಪಲ್ಲ. ಮಕ್ಕಳು ಶಾಲೆಗೆ ಹೋಗೋ ದಾರಿ ಅದು, ನನ್ನ ಮಗು ಆಗಿದ್ರೆ ನಾನೂ ಕೂಗ್ತಿದ್ದೆ. ಆದ್ರೆ ಆಮೇಲಾದ್ರೂ, ಅದು ಎಲ್ಲಿಂದ ಬಂತು, ಅದರ ದಾರಿಯಲ್ಲಿ ನಾವೇನು ಕಟ್ಟಿದ್ವಿ ಅಂತ ಯಾರೂ ಕೇಳಲಿಲ್ಲ.

ಮೃಗಾಲಯ ಮುಚ್ಚಿಬಿಡಿ ಅಂತ ನಾನು ಬರೆಯಲ್ಲ. ಸರ್ಕಸ್ಸಿನಿಂದ ಬಿಡಿಸಿ ತಂದ, ಬಾವಿಗೆ ಬಿದ್ದು ಕಾಲು ಮುರಿದುಕೊಂಡ, ತಾಯಿ ಸತ್ತ ಪ್ರಾಣಿಗಳು ಎಲ್ಲಿಗೆ ಹೋಗ್ಬೇಕು? ಅಂಥವಕ್ಕೆ ಒಂದು ಜಾಗ ಬೇಕು, ಅಲ್ಲಿ ಕೆಲಸ ಮಾಡೋವರಿಗೆ ಒಳ್ಳೇ ಸಂಬಳ ಬೇಕು, ಕರೆದ ಕೂಡಲೇ ಬರೋ ಡಾಕ್ಟರು ಬೇಕು. ನನ್ನ ಜಗಳ ಇರೋದು 'ನಮ್ಮೂರಿಗೂ ಒಂದು ತನ್ನಿ' ಅನ್ನೋ ಆಸೆ ಜೊತೆ. ಆ 31 ಸತ್ತು ಎರಡು ತಿಂಗಳಾಗಿಲ್ಲ, ಬೆಳಗಾವಿಯ ಒಂದು ಫೇಸ್‌ಬುಕ್ ಗುಂಪಿನಲ್ಲಿ ಆಗಲೇ ಒಬ್ಬರು ಬರೆದಿದ್ರು, ಖಾಲಿಯಾದ ಜಾಗಕ್ಕೆ ಜೀಬ್ರಾ ತರಿಸಬೇಕು, ಮಕ್ಕಳಿಗೆ ಖುಷಿಯಾಗುತ್ತೆ ಅಂತ. ಇನ್ನೂರಕ್ಕೂ ಹೆಚ್ಚು ಲೈಕು. ಕಪ್ಪು-ಬಿಳಿ ಬಣ್ಣ ನೋಡಿ, ಮತ್ತೆ! ಉಳಿದ 7 ಹೇಗಿವೆ ಅಂತ ಕೇಳಿದ ಕಾಮೆಂಟು ಒಂದೂ ಇರಲಿಲ್ಲ. ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ನನ್ನ ಬೇಡಿಕೆ ಸಣ್ಣದು. ಮೃಗಾಲಯಗಳು ಪ್ರತಿ ವರ್ಷ ಕೇಂದ್ರ ಪ್ರಾಧಿಕಾರಕ್ಕೆ ಹುಟ್ಟು-ಸಾವಿನ ಲೆಕ್ಕ ಕೊಡಲೇಬೇಕು. ಆ ಲೆಕ್ಕವನ್ನ ಕನ್ನಡದಲ್ಲಿ, ಟಿಕೆಟ್ ಕೌಂಟರಿನ ಪಕ್ಕ, ದರಪಟ್ಟಿಯಷ್ಟೇ ದಪ್ಪ ಅಕ್ಷರದಲ್ಲಿ ಬರೆದು ನೇತುಹಾಕಿ. ಈ ವರ್ಷ ಇಷ್ಟು ಹುಟ್ಟಿದವು, ಇಷ್ಟು ಸತ್ತವು, ಇಂಥ ಕಾಯಿಲೆಯಿಂದ. ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕ್ಯಾಮೆರಾಕ್ಕೆ ಇಷ್ಟು ಅಂತ ಬರೀತೀರಲ್ಲ, ಅದರ ಕೆಳಗೇ. ಓದಿ ಒಳಗೆ ಹೋಗೋವರು ಹೋಗಲಿ.

*

ನವೆಂಬರಿನಲ್ಲಿ ಅಕ್ಕನ ಮಗಳು ಫೋನ್ ಮಾಡಿದ್ಲು. ಟಿವಿ ನೋಡಿದ್ಲಂತೆ. 'ಮಾಮಾ, ಆ ಚಿಗರಿನೂ ಸತ್ತೈತೇನು? ನಮ್ಮ ಕಡೆ ನೋಡ್ತಿತ್ತಲ್ಲಾ, ಕೋಡಿಂದು?' ಅಂತ ಕೇಳಿದ್ಲು. ಇಲ್ಲವಾ, ಅದು ಉಳಿದೈತಿ ಅಂತ ಸುಳ್ಳು ಹೇಳಿದೆ. ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ, ಏಳರಲ್ಲಿ ಒಂದಾಗಿರಲೂಬಹುದು. 'ಮತ್ತ ನೋಡಾಕ ಹೋಗೂಣು' ಅಂದ್ಲು.

ಹೋಗ್ತಿದೀವಿ, ಭೂತರಾಮನಹಟ್ಟಿಗಲ್ಲ. ರಾಣೆಬೆನ್ನೂರಿಗೆ. ಅಲ್ಲಿ 1974ರಿಂದ ಕೃಷ್ಣಮೃಗಕ್ಕೆ ಅಂತಲೇ ಒಂದು ಅಭಯಾರಣ್ಯ ಇದೆ, 119 ಚದರ ಕಿಲೋಮೀಟರ್, ಕುರುಚಲು ಕಾಡು, ನೀಲಗಿರಿ ನೆಡುತೋಪು, ಸುತ್ತ ಹೊಲ. ಚಿಗರಿ ಹಿಂಡು ಹೊಲಕ್ಕೆ ನುಗ್ಗಿ ಬೆಳೆ ತಿನ್ನುತ್ತೆ ಅಂತ ರೈತರು ಬೈತಾರೆ, ಅವರ ಬೈಗುಳದಲ್ಲೂ ನ್ಯಾಯ ಇದೆ, ಪರಿಹಾರ ಸರಿಯಾಗಿ ಸಿಗ್ಬೇಕು. ಕಾಣಿಸ್ತಾವೋ ಇಲ್ವೋ ಗ್ಯಾರಂಟಿ ಇಲ್ಲ. ಕಂಡ್ರೂ ದೂರದಲ್ಲಿ ಚುಕ್ಕಿಯ ಹಾಗೆ, ನಾವು ಕಂಡ ಕೂಡಲೇ ಓಡಿಬಿಡ್ತಾವೆ. ಇದನ್ನೆಲ್ಲ ಹುಡುಗಿಗೆ ಮೊದಲೇ ಹೇಳಿಟ್ಟಿದೀನಿ. ಅಕ್ಕ ಬೈದ್ಲು, 'ಕಾಣಂಗಿಲ್ಲಂದ್ರ ಅಷ್ಟ ದೂರ ಯಾಕೋ ಹೊಂಟಿ?' ಅಂತ.

ಬೆಳಗಾವಿಯಿಂದ ಬೆಳಿಗ್ಗೆ ಐದಕ್ಕೆ ಬಿಡೋದು, ಅವ್ವ ಕಟ್ಟಿಕೊಡೋ ರೊಟ್ಟಿ-ಶೇಂಗಾ ಚಟ್ನಿ ಇರುತ್ತೆ. ಗಾಡಿಯಲ್ಲಿ ಎರಡು ಸೀಟು ಖಾಲಿ ಇದೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯ ಬ್ಲಾಗಿಗರು ಯಾರಾದ್ರೂ ಬರೋದಾದ್ರೆ ಕೆಳಗೆ ಕಾಮೆಂಟ್ ಹಾಕಿ. ಜಗಳ ಆಡೋಕೆ ಬರೋವರಿಗೂ ಸ್ವಾಗತ, ಆದ್ರೆ ಹೈವೇ ಮೇಲೆ ಮಾತ್ರ. ಅಲ್ಲಿಗೆ ಹೋದ ಮೇಲೆ ಯಾರೂ ಮಾತಾಡೋ ಹಾಗಿಲ್ಲ.